ಬ್ರೆಜಿಲಿಯನ್ ಜಿಯು-ಜಿಟ್ಸು: ಮೊದಲ ಪಾಠಗಳೇ ಕೊನೆಯವರೆಗಿನ ಬಲ

ಬ್ರೆಜಿಲಿಯನ್ ಜಿಯು-ಜಿಟ್ಸು ನೆಲದ ಮೇಲೆ ನಡೆಯುವ ಹಿಡಿತದ ಕಾಳಗ. ಇದರ ಪಂದ್ಯದಲ್ಲಿ ಗುದ್ದಿಲ್ಲ, ಒದೆಯಿಲ್ಲ. ಎದುರಾಳಿಯನ್ನು ಕೆಡವಿ, ಅವನ ಚಲನೆಯನ್ನು ಕಟ್ಟಿಹಾಕಿ, ಕೀಲು ತಿರುಚುವ ಅಥವಾ ಕುತ್ತಿಗೆ ಬಿಗಿಯುವ ಪಟ್ಟಿನಿಂದ ಸೋಲೊಪ್ಪಿಸುವುದು ಗುರಿ. ಸೋಲೊಪ್ಪಿದವನು ಎದುರಾಳಿಯ ಮೈಮೇಲೋ ಚಾಪೆಯ ಮೇಲೋ ಕೈತಟ್ಟುತ್ತಾನೆ. ತಟ್ಟಿದ ಕೂಡಲೇ ಹಿಡಿತ ಬಿಡಬೇಕು. ಗರಡಿಯ ಕುಸ್ತಿಯಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿದರೆ ಪಂದ್ಯ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಅಂಗಾತ ಬಿದ್ದವನೂ ಎದುರಾಳಿಯನ್ನು ಕಾಲುಗಳಿಂದ ತಡೆದು ಹೋರಾಡಬಹುದು, ಗೆಲ್ಲಲೂಬಹುದು. ಈ ಸ್ಥಿತಿಗೆ ‘ಗಾರ್ಡ್’ ಎಂದು ಹೆಸರು.

ಈ ವಿದ್ಯೆಯ ಬೇರು ಜಪಾನಿನ ಜೂಡೊದಲ್ಲಿದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಸ್ಥಾಪಿಸಿದ ಕೊಡೊಕಾನ್ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲಿಗೆ ಬಂದರು. ಬೆಲೆಮ್ ನಗರದಲ್ಲಿ ಅವರ ಬಳಿ ಕಲಿತ ಕಾರ್ಲೋಸ್ ಗ್ರೇಸಿ, ಮುಂದೆ ರಿಯೊ ಡಿ ಜನೈರೊದಲ್ಲಿ ತಮ್ಮಂದಿರೊಡನೆ ಈ ವಿದ್ಯೆಯನ್ನು ಬೆಳೆಸಿದರು. ತಮ್ಮಂದಿರಲ್ಲಿ ಒಬ್ಬರಾದ ಹೆಲಿಯೊ ಸಣ್ಣ ಮೈಕಟ್ಟಿನವರು. ತೋಳ್ಬಲವನ್ನು ನೆಚ್ಚುವಂತಿರಲಿಲ್ಲವಾದ್ದರಿಂದ ಅವರು ಸನ್ನೆಗೋಲಿನ ತತ್ತ್ವಕ್ಕೂ ಸಮಯಪ್ರಜ್ಞೆಗೂ ಒತ್ತುಕೊಟ್ಟರು.

ಅದರ ಫಲ 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರಿನಲ್ಲಿ ಜಗತ್ತಿಗೆ ಕಂಡಿತು. ಬೇರೆ ಬೇರೆ ಕಾಳಗ ವಿದ್ಯೆಗಳ ಪಟುಗಳು ಮುಖಾಮುಖಿಯಾದ ಮೊದಲ ಯುಎಫ್‌ಸಿ ಸ್ಪರ್ಧೆಯಲ್ಲಿ ಹೆಲಿಯೊ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಅವರು ಬಳಸಿದ್ದು ಅಪರೂಪದ ಪಟ್ಟುಗಳನ್ನಲ್ಲ. ಹತ್ತಿರ ಸರಿದು, ಕೆಡವಿ, ಮೇಲೆ ಕೂತು ಅಥವಾ ಬೆನ್ನಿಗೆ ಬಂದು ಕುತ್ತಿಗೆ ಬಿಗಿಯುವುದು: ಯಾವುದೇ ತರಗತಿಯಲ್ಲಿ ಮೊದಲಿಗೆ ಹೇಳಿಕೊಡುವ ಕ್ರಮವಿದು.

ಮೊದಲ ಪಾಠಗಳಲ್ಲಿ ಮುಖ್ಯವಾದದ್ದು ಸೊಂಟ ಸರಿಸುವ ಚಲನೆ, ಅಂದರೆ ‘ಶ್ರಿಂಪ್’. ಮೇಲಿರುವವನ ಭಾರವನ್ನು ತೋಳ್ಬಲದಿಂದ ತಳ್ಳಹೋದರೆ ಬೇಗ ದಣಿವಾಗುತ್ತದೆ. ಬದಲಿಗೆ ಮುಂಗೈಗಳನ್ನು ಅಡ್ಡ ಇಟ್ಟು, ಮಗ್ಗುಲಾಗಿ, ಪಾದವನ್ನು ನೆಲಕ್ಕೊತ್ತಿ ಸೊಂಟವನ್ನು ಹಿಂದಕ್ಕೆ ಸರಿಸಬೇಕು. ಆಗ ಮೂಡುವ ಸಂದಿನಲ್ಲಿ ಮೊಣಕಾಲು ತೂರಿಸಿದರೆ ಗಾರ್ಡ್ ಮತ್ತೆ ಕೈಗೂಡುತ್ತದೆ. ಎರಡನೆಯದು ‘ಬ್ರಿಡ್ಜ್’. ಎದುರಾಳಿ ಎದೆಯ ಮೇಲೆ ಕೂತಿರುವಾಗ ಅವನ ಒಂದೇ ಬದಿಯ ಕೈ ಮತ್ತು ಕಾಲನ್ನು ಸಿಕ್ಕಿಸಿಕೊಂಡು ಸೊಂಟ ಎತ್ತಿ ಹೊರಳಿದರೆ, ಆ ಬದಿಗೆ ಊರಲು ಆಧಾರವಿಲ್ಲದೆ ಅವನು ಎರಡು ಕಾಲು ಮುರಿದ ಮೇಜಿನಂತೆ ಉರುಳುತ್ತಾನೆ. ಇವುಗಳ ಜೊತೆಗೆ ಪೆಟ್ಟಾಗದಂತೆ ಬೀಳುವುದು, ಮೈ ಕಾಯ್ದುಕೊಂಡೇ ಎದ್ದು ನಿಲ್ಲುವುದು, ಬೆನ್ನು ನೆಟ್ಟಗಿಟ್ಟು ಸಮತೋಲ ಕಾಯುವುದು ಸೇರಿಕೊಳ್ಳುತ್ತವೆ.

ಸೋಲೊಪ್ಪಿಸುವ ಪಟ್ಟುಗಳೂ ಇಷ್ಟೇ ಸರಳ ತತ್ತ್ವದ ಮೇಲೆ ನಿಂತಿವೆ. ‘ಆರ್ಮ್‌ಬಾರ್’ ಹಾಕುವಾಗ ಇಡೀ ಸೊಂಟದ ಬಲ ಒಂದೇ ಒಂದು ಮೊಣಕೈಯ ಮೇಲೆ ಬೀಳುತ್ತದೆ. ಹಿಂದಿನಿಂದ ಕುತ್ತಿಗೆ ಬಿಗಿಯುವ ಪಟ್ಟು ಎರಡೂ ಬದಿಯ ರಕ್ತನಾಳಗಳನ್ನು ಒತ್ತಿ ಮಿದುಳಿಗೆ ಹೋಗುವ ರಕ್ತವನ್ನು ತಡೆಯುತ್ತದೆ. ಕೈತಟ್ಟದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಆದರೆ ಸ್ಥಾನ ಭದ್ರವಾಗದೆ ಪಟ್ಟಿಗೆ ಕೈಹಾಕಿದರೆ ಎದುರಾಳಿ ಜಾರಿಕೊಳ್ಳುತ್ತಾನೆ. ಮೊದಲು ಸ್ಥಾನ, ಆಮೇಲೆ ಪಟ್ಟು ಎಂಬುದು ಈ ವಿದ್ಯೆಯ ಮೂಲಸೂತ್ರ. ಅಂತರರಾಷ್ಟ್ರೀಯ ಪಂದ್ಯಗಳ ಅಂಕ ಪದ್ಧತಿಯೂ ಇದನ್ನೇ ಹೇಳುತ್ತದೆ: ಕೆಡವಿದರೆ 2, ಗಾರ್ಡ್ ದಾಟಿದರೆ 3, ಎದೆಯ ಮೇಲೆ ಕೂತರೆ ಅಥವಾ ಬೆನ್ನು ಹಿಡಿದರೆ 4 ಅಂಕ.

ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ಬೆಲ್ಟಿನ ಬಣ್ಣ ಏರಿದಂತೆ ಈ ಪಾಠಗಳು ಹಳತಾಗುತ್ತವೆ ಎಂಬ ಭಾವನೆ ತಪ್ಪು. ಕಾರ್ಲೋಸ್ ಅವರ ಮೊಮ್ಮಗ ರಾಜರ್ ಗ್ರೇಸಿ ಇದಕ್ಕೆ ದೊಡ್ಡ ಸಾಕ್ಷಿ. ಎದೆಯ ಮೇಲೆ ಕೂತು, ಎರಡೂ ಕೈಗಳಿಂದ ಅಡ್ಡಡ್ಡ ಕೊರಳಪಟ್ಟಿ ಹಿಡಿದು ಬಿಗಿಯುವುದು ಅವರ ಹೆಸರಾಂತ ಪಟ್ಟು. ಬಿಳಿ ಬೆಲ್ಟಿನವರಿಗೂ ಅದು ಗೊತ್ತು. ಆದರೂ 2009ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ತಮ್ಮ ತೂಕದ ವಿಭಾಗ ಮತ್ತು ಮುಕ್ತ ವಿಭಾಗ ಎರಡರಲ್ಲೂ ಎದುರಾದವರನ್ನೆಲ್ಲ ಸೋಲೊಪ್ಪಿಸಿ ಗೆದ್ದರು. ಏನು ಬರಲಿದೆ ಎಂದು ಮುಂಚೆಯೇ ತಿಳಿದಿದ್ದ ಕಪ್ಪು ಬೆಲ್ಟಿನ ಪಟುಗಳಿಗೂ ತಪ್ಪಿಸಿಕೊಳ್ಳಲಾಗಲಿಲ್ಲ. ಕೂತ ಭಾರದಲ್ಲಿ ಸಂದಿಲ್ಲ, ಮೊದಲ ಕೈ ಕೊರಳಪಟ್ಟಿಯ ಆಳಕ್ಕೆ ಇಳಿದಿರುತ್ತದೆ, ಆತುರವಿಲ್ಲ, ಗುಟ್ಟು ಇಷ್ಟೇ.

ಹೊಸಬರು ಎಡವುವುದು ಇಲ್ಲಿಯೇ. ವಿಡಿಯೊಗಳಲ್ಲಿ ಕಂಡ ಬೆರಗಿನ ಪಟ್ಟುಗಳ ಬೆನ್ನುಹತ್ತಿದವರಿಗೆ, ಅವು ಕೈಕೊಟ್ಟಾಗ ಮರಳಲು ನೆಲೆಯಿರುವುದಿಲ್ಲ. ಅಂಥ ಎಷ್ಟೋ ಪಟ್ಟುಗಳು ಎಳೆಯ ವಯಸ್ಸಿನ ಬಾಗುವ ಮೈಯನ್ನು ಬೇಡುತ್ತವೆ. ಮೂಲ ಚಲನೆಗಳಾದರೋ ವಯಸ್ಸಾದವರಿಗೂ, ತೂಕ ಕಡಿಮೆಯಿದ್ದವರಿಗೂ ಒದಗುತ್ತವೆ. ಅವನ್ನು ಒಬ್ಬರೇ ಮಾಡಿ ರೂಢಿಸಿಕೊಂಡು, ಜೊತೆಗಾರನೊಡನೆ ನಿಧಾನವಾಗಿ ಮಾಡಿ, ಆಮೇಲೆ ಅವನು ನಿಜವಾಗಿ ಪ್ರತಿರೋಧಿಸುವಾಗ ಪರೀಕ್ಷಿಸಬೇಕು. ಈ ಮೂರನೆಯ ಹಂತ ಇಲ್ಲದ ಕಲಿಕೆ ಅರ್ಧ ಕಲಿಕೆ.

ಜಿಯು-ಜಿಟ್ಸು ಕಲಿಯಬಯಸುವವರು ಮೊದಲ ವರ್ಷವನ್ನು ತಪ್ಪಿಸಿಕೊಳ್ಳುವುದಕ್ಕೆ, ಗಾರ್ಡ್ ಕಾಯುವುದಕ್ಕೆ ಮತ್ತು ಸ್ಥಾನ ಉಳಿಸಿಕೊಳ್ಳುವುದಕ್ಕೆ ಮೀಸಲಿಡಲಿ. ಆ ಮೇಲೆ ಕಲಿಯುವ ಪ್ರತಿಯೊಂದು ಪಟ್ಟೂ ಅದೇ ಅಡಿಪಾಯದ ಮೇಲೆ ನಿಲ್ಲುತ್ತದೆ.