ಮೂಲವ್ಯಾಧಿಯೆಂದು ಸುಮ್ಮನಿರಬೇಡಿ

ಜ್ವರ ಬಂದರೆ ನೆರೆಮನೆಗೂ ತಿಳಿಸುವ ನಮ್ಮ ಜನ, ಮಲದಲ್ಲಿ ರಕ್ತ ಕಂಡರೆ ಮನೆಯವರಿಗೂ ಹೇಳರು. ಕ್ಯಾಸಂಬಳ್ಳಿಯಂಥ ಹಳ್ಳಿಯಲ್ಲಾಗಲಿ, ಬೆಂಗಳೂರಿನ ಬಡಾವಣೆಯಲ್ಲಾಗಲಿ ಸಂಕೋಚ ಒಂದೇ. ‘ಉಷ್ಣವಾಗಿರಬೇಕು, ಮೂಲವ್ಯಾಧಿಯಿರಬೇಕು’ ಎಂದು ಮಜ್ಜಿಗೆ ಕುಡಿದು ಸಮಾಧಾನಪಟ್ಟುಕೊಳ್ಳುತ್ತಾರೆ. ಅನೇಕ ವೇಳೆ ಅದು ಮೂಲವ್ಯಾಧಿಯೇ ಆಗಿರುವುದೂ ಉಂಟು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಹ ಇದೇ ವೇಷದಲ್ಲಿ ಬರಬಹುದು.

2022ರಲ್ಲಿ ಪ್ರಪಂಚದ ಸುಮಾರು 19 ಲಕ್ಷ ಜನರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಇದರ ಪ್ರಮಾಣ ಕಡಿಮೆ. ಆದರೆ ಇಲ್ಲಿ ಅನೇಕರು ವೈದ್ಯರ ಬಳಿಗೆ ಬರುವುದು ರೋಗ ಬಲಿತ ಮೇಲೆ.

ಹಾಗೆ ತಡವಾಗಬೇಕಾದ ಕಾರಣವಿಲ್ಲ. ಈ ವ್ಯಾಧಿ ಒಂದೇ ದಿನದಲ್ಲಿ ಮೈಮೇಲೆ ಬೀಳುವುದಲ್ಲ. ಮೊದಲು ಕರುಳಿನ ಒಳಪದರದಲ್ಲಿ ‘ಪಾಲಿಪ್’ ಎಂಬ ಸಣ್ಣ ಗಂಟು ಮೂಡುತ್ತದೆ. ಅಂಥವುಗಳಲ್ಲಿ ಕೆಲವು ಮಾತ್ರವೇ ಕ್ಯಾನ್ಸರಾಗಿ ಮಾರ್ಪಡುತ್ತವೆ. ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಗಂಟನ್ನು ತೆಗೆದರೆ ರೋಗವನ್ನೇ ತಡೆದಂತಾಯಿತು. 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವಿಲಿಯಂ ವೂಲ್ಫ್ ಮತ್ತು ಹಿರೋಮಿ ಶಿನ್ಯಾ ಅವರು ಹೊಟ್ಟೆಯನ್ನು ಕೊಯ್ಯದೆ, ಕೊಲೊನೋಸ್ಕೋಪ್ ಎಂಬ ಬಳುಕುವ ನಳಿಕೆಯ ಮೂಲಕ ತಂತಿಯ ಕುಣಿಕೆ ಹಾಕಿ ಇಂಥ ಗಂಟನ್ನು ಕತ್ತರಿಸಿ ತೆಗೆದರು. ಇಂದು ಅದು ವಾಡಿಕೆಯ ಚಿಕಿತ್ಸೆ.

ಇನ್ನು ಆಹಾರದ ಮಾತು. ನಾಡಿನ ಪ್ರಥಮ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಊರಾದ ಕ್ಯಾಸಂಬಳ್ಳಿಯ ಸೀಮೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು, ಅವರೆ, ಹುರುಳಿ ಹಿರಿಯರ ನಿತ್ಯದ ಊಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವುಂಟು. ಬಿಳಿಯ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ನಾರಿನ ಆಹಾರ ಕರುಳಿಗೆ ರಕ್ಷಣೆ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದವು. ಇಂದು ಈ ಭಾಗದ ಎಷ್ಟೋ ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕುಳಿತು ಮಾಡುವ ಕೆಲಸ, ಹೋಟೆಲಿನ ತಿಂಡಿ, ಬೆಳೆಯುವ ಬೊಜ್ಜು, ಇವುಗಳ ಜೊತೆಗೆ ಹೊಗೆಸೊಪ್ಪು ಮದ್ಯಗಳೂ ಸೇರಿದರೆ ಅಪಾಯ ಹೆಚ್ಚುತ್ತದೆ. ಆದರೆ ಮುದ್ದೆ ಉಂಡವರಿಗೂ ರೋಗ ಬಾರದೆಂಬ ಭರವಸೆಯಿಲ್ಲ. ಆದ್ದರಿಂದಲೇ ಪರೀಕ್ಷೆ ಅಗತ್ಯ.

ಕಣ್ಣಿಗೆ ಕಾಣದ ರಕ್ತವನ್ನೂ ಪತ್ತೆಹಚ್ಚುವ ಮಲಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬಹುದು. ಇಲ್ಲವೆ ಹತ್ತು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ. ಅಮೆರಿಕದ ತಜ್ಞರು 2021ರಲ್ಲಿ ಇದಕ್ಕೆ 45ನೆಯ ವಯಸ್ಸನ್ನು ಸೂಚಿಸಿದ್ದಾರೆ. ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಈ ರೋಗ ಬಂದಿದ್ದರೆ ಇನ್ನೂ ಮೊದಲೇ ವೈದ್ಯರನ್ನು ಕೇಳಬೇಕು. ಮಲಪರೀಕ್ಷೆಯಲ್ಲಿ ರಕ್ತ ಕಂಡಿತೆಂದರೆ ಕ್ಯಾನ್ಸರೆಂದೇ ಅರ್ಥವಲ್ಲ; ಆದರೆ ಕೊಲೊನೋಸ್ಕೋಪಿಯನ್ನು ಮುಂದೂಡಬಾರದು.

2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ತಪಾಸಣೆಯ ಮಾರ್ಗಸೂಚಿಯಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರುಗಳಿಗೆ ಮಾತ್ರ ಸ್ಥಾನವಿತ್ತು. ದೊಡ್ಡ ಕರುಳಿನ ವಿಷಯದಲ್ಲಿ ಮನೆಯವರೇ ಎಚ್ಚರ ವಹಿಸಬೇಕು. ಮಲವಿಸರ್ಜನೆಯ ಕ್ರಮ ಕೆಲವು ವಾರ ಏರುಪೇರಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಾಣಿಸಿಕೊಂಡರೆ ವಯಸ್ಸನ್ನು ಲೆಕ್ಕಿಸದೆ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನಲ್ಲಿ 1973ರಿಂದಲೂ ಕಿದ್ವಾಯಿ ಆಸ್ಪತ್ರೆಯುಂಟು. ಮನೆಯ ಹಿರಿಯರು ತಾವಾಗಿ ಹೇಳದಿದ್ದರೆ, ಮಕ್ಕಳೇ ಸಂಕೋಚ ಬಿಟ್ಟು ಕೇಳುವುದು ಲೇಸು.