ಶಾಲೆಯ ಬಾಗಿಲೂ ಮನೆಯ ಹೊಸ್ತಿಲೂ

ಪಾಠಶಾಲೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವರು ಉಪಾಧ್ಯಾಯರು ಮತ್ತು ವಿದ್ಯಾರ್ಥಿಗಳು. ತಾಯಿತಂದೆಗಳು ನೆನಪಿಗೆ ಬರುವುದು ಅಪರೂಪ. ಮಗುವನ್ನು ಸೇರಿಸುವ ದಿನ ಒಮ್ಮೆ, ಏನಾದರೂ ದೂರು ಬಂದಾಗ ಇನ್ನೊಮ್ಮೆ ಅವರು ಶಾಲೆಯ ಅಂಗಳಕ್ಕೆ ಬರುತ್ತಾರೆ. ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಒಂದು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸಮನಾದ ಮರ್ಯಾದೆ ಇದೆಯೇ, ಹೊಸದಾಗಿ ಬಂದವನಿಗೆ ಅಲ್ಲಿ ಜಾಗವಿದೆಯೇ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ಅವರೇ. ಈ ಮಾತನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇಂದು ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ದಕ್ಕೂ 'ಇಂಟರ್‌ನ್ಯಾಷನಲ್ ಸ್ಕೂಲ್' ಎಂಬ ಫಲಕಗಳು ಕಾಣುತ್ತವೆ. ಈ ಹೆಸರಿನ ಮೂಲವೇನು? ಮೊದಲನೆಯ ಮಹಾಯುದ್ಧದ ತರುವಾಯ ರಾಷ್ಟ್ರಸಂಘದ ಕಚೇರಿ ಜಿನೀವಾ ನಗರದಲ್ಲಿ ನೆಲಸಿತು. ಅಲ್ಲಿ ಕೆಲಸಕ್ಕೆ ಬಂದ ನಾನಾ ದೇಶದವರ ಮಕ್ಕಳಿಗಾಗಿ ೧೯೨೪ರಲ್ಲಿ ಒಂದು ಅಂತರರಾಷ್ಟ್ರೀಯ ಶಾಲೆ ಆರಂಭವಾಯಿತು. ಬೇರೆ ಬೇರೆ ನುಡಿಯ, ಬೇರೆ ಬೇರೆ ನಡೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುವುದೇ ಅದರ ತಿರುಳು. ಎತ್ತರದ ಕಟ್ಟಡವಾಗಲಿ, ದುಬಾರಿ ಶುಲ್ಕವಾಗಲಿ ಅದರ ತಿರುಳಲ್ಲ.

ಈ ಅಳತೆಯಿಂದ ನೋಡಿದರೆ ಮದ್ದೂರು ಸೀಮೆಯ ಹಳ್ಳಿಯ ಶಾಲೆಯೂ ಒಂದು ಪುಟ್ಟ ಪ್ರಪಂಚವೇ. ಮಂಡ್ಯ ಜಿಲ್ಲೆಯ ಆಲೆಮನೆಗಳಿಗೆ ಉತ್ತರ ಪ್ರದೇಶ, ಬಿಹಾರಗಳಿಂದ ಕೂಲಿಗಾರರು ಬರುತ್ತಾರೆ. ಕಬ್ಬು ಕಡಿಯಲು ಬಳ್ಳಾರಿಯ ಕಡೆಯಿಂದ ಸಂಸಾರ ಸಮೇತ ಬಂದು ಗುಡಿಸಲು ಹಾಕುವವರುಂಟು. ದೂರದಿಂದ ಬಂದವರ ಮಾತು ಹಾಗಿರಲಿ. ಒಂದೇ ಊರಿನ ಎರಡು ಬೀದಿಗಳ ನಡುವೆ ಇರುವ ದೂರವೇನು ಕಡಿಮೆಯೇ? ಇವರೆಲ್ಲರ ಮಕ್ಕಳು ಕೂಡುವ ಒಂದೇ ಜಾಗವೆಂದರೆ ಸರ್ಕಾರಿ ಶಾಲೆ.

ಮದ್ದೂರಿನ ಮಗ್ಗುಲಲ್ಲೇ ಇರುವ ಶಿವಪುರವನ್ನು ತಿಳಿಯದ ಕನ್ನಡಿಗರು ವಿರಳ. ೧೯೩೮ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆಯಿತು. ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಏರಿಸಿ ನಾಯಕರು ಸೆರೆಗೆ ಹೋದರು. ಅಂದು ಅಷ್ಟು ಕಷ್ಟಪಟ್ಟು ಏರಿಸಿದ ಧ್ವಜಕ್ಕೆ ಇಂದು ನಮ್ಮ ಶಾಲೆಗಳ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ನಿಂತು ವಂದಿಸುತ್ತಾರೆ. ಆದರೆ ಮಧ್ಯಾಹ್ನದ ಗಂಟೆ ಬಾರಿಸಿದಾಗ ಅದೇ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಸಿದ್ಧವಾಗುವುದು ಶಾಲೆಯಲ್ಲಲ್ಲ, ಮನೆಯಲ್ಲಿ.

ಇದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ೧೯೧೫ರಲ್ಲಿ, ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದೆಂದು ಮೈಸೂರು ಸರ್ಕಾರ ಆಜ್ಞೆ ಮಾಡಿತು. ಆಜ್ಞೆಯೇನೋ ಉದಾರವಾಗಿತ್ತು. ಆದರೆ ಹಲವೆಡೆ ಮೇಲುಜಾತಿಯ ಪಾಲಕರು ಪ್ರತಿಭಟಿಸಿ ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಬಾಗಿಲನ್ನು ಸರ್ಕಾರ ತೆರೆಯಿತು. ಬೆಂಚನ್ನು ಪಾಲಕರು ಬರಿದು ಮಾಡಿದರು.

ಇದು ನಮ್ಮಲ್ಲಿ ಮಾತ್ರ ನಡೆದುದೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ೧೯೬೦ರ ನವೆಂಬರ್ ೧೪ರಂದು ರೂಬಿ ಬ್ರಿಡ್ಜಸ್ ಎಂಬ ಆರು ವರ್ಷದ ಕರಿಯ ಬಾಲಿಕೆ ಅದುವರೆಗೆ ಬಿಳಿಯರಿಗೇ ಮೀಸಲಾಗಿದ್ದ ಶಾಲೆಗೆ ಕಾಲಿಟ್ಟಳು. ನ್ಯಾಯಾಲಯದ ಆದೇಶವಿತ್ತು, ಕೇಂದ್ರ ಸರ್ಕಾರದ ಅಧಿಕಾರಿಗಳ ಕಾವಲೂ ಇತ್ತು. ಆದರೂ ಬಿಳಿಯ ಪಾಲಕರು ಬೀದಿಯಲ್ಲಿ ನಿಂತು ಕೂಗಾಡಿದರು, ತಮ್ಮ ಮಕ್ಕಳನ್ನು ಕರೆದೊಯ್ದರು. ಬಾರ್ಬರಾ ಹೆನ್ರಿ ಎಂಬ ಉಪಾಧ್ಯಾಯಿನಿ ಆ ವರ್ಷವೆಲ್ಲ ಖಾಲಿ ಕೊಠಡಿಯಲ್ಲಿ ಆ ಒಬ್ಬಳೇ ಹುಡುಗಿಗೆ ಪಾಠ ಹೇಳಿದರು. ಕೆಲವೇ ಮಂದಿ ಬಿಳಿಯ ತಾಯಿತಂದೆಗಳು ಬೈಗುಳಗಳ ನಡುವೆಯೇ ತಮ್ಮ ಮಕ್ಕಳ ಕೈಹಿಡಿದು ಶಾಲೆಗೆ ನಡೆಸಿಕೊಂಡು ಬಂದರು. ಮೆಲ್ಲಮೆಲ್ಲನೆ ಉಳಿದವರ ಮಕ್ಕಳೂ ಮರಳಿದರು. ಶಾಲೆಯನ್ನು ಬರಿದು ಮಾಡಿದವರೂ ಪಾಲಕರೇ, ಮತ್ತೆ ತುಂಬಿದವರೂ ಪಾಲಕರೇ.

ಅದೆಲ್ಲ ಹಳೆಯ ಕಥೆ ಎನ್ನೋಣವೇ? ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆ ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಬಳಿಕ ಎಲ್ಲೆಡೆಗೆ ಹಬ್ಬಿತು. ಹಸಿವು ನೀಗುವುದರ ಜೊತೆಗೆ ಮಕ್ಕಳಿಗೆ ಸಹಪಂಕ್ತಿಯ ಅಭ್ಯಾಸವಾಗುವುದೂ ಅದರ ದೊಡ್ಡ ಲಾಭ. ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೦೪ರಲ್ಲಿ ಹೇಳಿತು. ಹೀಗಿದ್ದೂ ೨೦೨೫ರ ಜೂನ್ ತಿಂಗಳಲ್ಲಿ ನೆರೆಯ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಿಂದ, ಅಡುಗೆಯವರ ಜಾತಿಯ ಕಾರಣಕ್ಕೆ ಪಾಲಕರು ಮಕ್ಕಳನ್ನು ಬಿಡಿಸಿಕೊಂಡರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ೧೯೧೫ರಿಂದ ೨೦೨೫ಕ್ಕೆ ನೂರಹತ್ತು ವರ್ಷ. ಏಳೆಂಟು ವರ್ಷದ ಮಗುವಿಗೆ ಅನ್ನದಲ್ಲಿ ಜಾತಿ ಕಾಣುವುದಿಲ್ಲ. ಯಾರಾದರೂ ತೋರಿಸಿಕೊಟ್ಟರೆ ಮಾತ್ರ ಕಾಣುತ್ತದೆ. ತೋರಿಸುವ ಬೆರಳು ಮನೆಯಲ್ಲಿದೆ.

ಹಾಗಾದರೆ ತಾಯಿತಂದೆಗಳು ಮಾಡಬೇಕಾದುದೇನು?

ಮೊದಲನೆಯದು ಮಾತಿನ ಎಚ್ಚರ. ಊಟಕ್ಕೆ ಕುಳಿತಾಗ, ಜಗಲಿಯ ಮೇಲೆ ಹರಟುವಾಗ ಹಿರಿಯರು ಆಡುವ ಮಾತು ಮಕ್ಕಳ ಕಿವಿಗೆ ಬೀಳುತ್ತದೆ. 'ಅವರೊಡನೆ ಹೆಚ್ಚು ಬಳಕೆ ಬೇಡ' ಎಂದು ಹಿರಿಯರು ಒಮ್ಮೆ ಅಂದರೆ, ಮರುದಿನ ಮಗು ಬೆಂಚಿನ ಮೇಲೆ ಒಂದು ಗೇಣು ದೂರ ಸರಿದು ಕೂರುತ್ತದೆ. 'ಎಲ್ಲರೂ ಒಂದೇ' ಎಂದು ಗುರುಗಳು ವರ್ಷವೆಲ್ಲ ಕಲಿಸಿದ ಪಾಠ ಆ ಒಂದು ಗೇಣಿನಲ್ಲಿ ಅಳಿಸಿಹೋಗುತ್ತದೆ.

ಎರಡನೆಯದು ಊಟ. ಮಗು ಶಾಲೆಯಲ್ಲಿ ಉಂಡುದನ್ನು ಕೇಳುವಾಗ 'ಏನು ಅಡುಗೆ?' ಎಂದು ಕೇಳಲಿ, 'ಯಾರು ಮಾಡಿದ್ದು?' ಎಂದು ಕೇಳುವುದಾದರೆ ಅವರಿಗೆ ಕೃತಜ್ಞತೆ ಹೇಳುವುದಕ್ಕಾಗಿ ಕೇಳಲಿ. ಸಾಧ್ಯವಾದಾಗ ಪಾಲಕರೂ ಒಂದು ದಿನ ಮಕ್ಕಳ ಸಾಲಿನಲ್ಲಿ ಕುಳಿತು ಉಣ್ಣಲಿ. ಹತ್ತು ಭಾಷಣ ಮಾಡದ ಕೆಲಸವನ್ನು ಆ ಒಂದು ತುತ್ತು ಮಾಡುತ್ತದೆ.

ಮೂರನೆಯದು ಸಮಿತಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ೨೦೦೧ರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ೨೧ನೆಯ ಪ್ರಕರಣದಂತೆ ಇಂತಹ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲಾದರೂ ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ತಕ್ಕ ಪ್ರಮಾಣದಲ್ಲಿ ಸ್ಥಾನವಿರಬೇಕು. ಶಾಲೆಯ ಕೆಲಸಕಾರ್ಯಗಳನ್ನು ನೋಡಿಕೊಳ್ಳುವ, ಅಭಿವೃದ್ಧಿ ಯೋಜನೆ ತಯಾರಿಸುವ, ಹಣದ ಬಳಕೆಯನ್ನು ಪರಿಶೀಲಿಸುವ ಅಧಿಕಾರ ಈ ಸಮಿತಿಯದು. ಆದರೆ ಊರಿನ ನಾಲ್ಕು ಜನ ಪ್ರಮುಖರು ಮಾತಾಡಿ, ಕೂಲಿಮಾಡುವ ತಾಯಿ ಮೂಲೆಯಲ್ಲಿ ನಿಂತು ಹೆಬ್ಬೆಟ್ಟು ಒತ್ತಿ ಹೊರಟರೆ ಕಾಯಿದೆಯ ಅಕ್ಷರ ಉಳಿದು ಅರ್ಥ ಹೋಗುತ್ತದೆ. ಸಭೆಯನ್ನು ಆಕೆಗೆ ಬಿಡುವಾಗುವ ಹೊತ್ತಿನಲ್ಲಿ ಕರೆಯಬೇಕು, ಕುರ್ಚಿ ಕೊಡಬೇಕು, ಆಕೆಯ ಮಾತನ್ನು ಮೊದಲು ಕೇಳಬೇಕು. ನಡೆಯಲಾರದ ಮಗುವಿಗೆ ಇಳಿಜಾರು ದಾರಿಯಿದೆಯೇ, ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯವಿದೆಯೇ ಎಂಬಂತಹ ಪ್ರಶ್ನೆಗಳನ್ನು ಎತ್ತಬೇಕಾದ ಸ್ಥಳವೂ ಇದೇ.

ನಾಲ್ಕನೆಯದು ಹೊಸಬರ ಸ್ವಾಗತ. ಅದೇ ಕಾಯಿದೆಯಂತೆ ವರ್ಷದ ನಡುವೆ ಬಂದ ಮಗುವಿಗೂ ಪ್ರವೇಶ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ತಿರುಗಿ ಕಳುಹಿಸುವಂತಿಲ್ಲ. ಆಲೆಮನೆಯ ಕೂಲಿಗಾರನಿಗೆ ಈ ವಿಷಯ ಯಾರು ಹೇಳಬೇಕು? ಪಕ್ಕದ ಮನೆಯವರೇ ಹೇಳಬೇಕು. ಹಾಗೆ ಹೇಳಿ, ಮೊದಲ ದಿನ ಜೊತೆಯಲ್ಲಿ ಹೋಗಿ ಶಾಲೆಗೆ ಸೇರಿಸಿದರೆ ಅದಕ್ಕಿಂತ ಪುಣ್ಯದ ಕೆಲಸ ಬೇರೆ ಯಾವುದಿದೆ?

ಈ ಕೊನೆಯ ಅಂಶವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಬಳ್ಳಾರಿಯ ಕಡೆಯಿಂದ ಕಬ್ಬು ಕಡಿಯಲು ಬಂದವರ ಹುಡುಗನೊಬ್ಬ ನಮ್ಮ ತರಗತಿಗೆ ಸೇರಿದ. 'ನಮ್ಮಪ್ಪ ಹೊಲಕ್ಕ ಹೋಗ್ಯಾನ್ರೀ' ಎಂದು ಅವನು ಮೇಷ್ಟ್ರಿಗೆ ಹೇಳಿದ್ದನ್ನು ನಾವು ವಾರಗಟ್ಟಲೆ ಅಣಕಿಸಿದೆವು. ಅವನು ಮಾತಾಡುವುದನ್ನೇ ನಿಲ್ಲಿಸಿಬಿಟ್ಟ. ಒಂದು ಸಂಜೆ ಮನೆಯಲ್ಲಿಯೂ ನಾನು ಆ ಅಣಕವನ್ನು ಆಡಿ ತೋರಿಸಿದೆ. ಅವ್ವ ನಗಲಿಲ್ಲ. "ಅವ್ನ ಮಾತು ನಿಂಗೆ ನಗು ಬರುಸ್ತದೆ. ನಿನ್ ಮಾತು ಅವ್ನಿಗೆ ಎಂಗ್ ಕೇಳುಸ್ತದೋ ಒಸಿ ಯೋಚ್ನೆ ಮಾಡಿದ್ದೀಯೇನ್ಲಾ? ನಾಳೀಕೆ ಅವ್ನ ಮನೇಗೆ ಕರ್ಕೊಂಡ್ ಬಾ" ಎಂದಳು.

ಮರುದಿನ ಅವನು ಬಂದ. ಜೋಳದ ರೊಟ್ಟಿಯ ಸೀಮೆಯವನು ರಾಗಿಮುದ್ದೆಯನ್ನು ಅಗಿಯತೊಡಗಿದ. ಅಗಿಯಬಾರದು, ನುಂಗಬೇಕೆಂದು ಅವ್ವ ತೋರಿಸಿಕೊಟ್ಟಳು. ಅವನು ಕಣ್ಣರಳಿಸಿ ನುಂಗಿದ ರೀತಿಗೆ ನಾವೆಲ್ಲ ನಕ್ಕೆವು, ಅವನೂ ನಕ್ಕ. ಆ ನಗುವಿಗೂ ತರಗತಿಯ ನಗುವಿಗೂ ಇದ್ದ ಅಂತರ ನನಗೆ ಅಂದೇ ಹೊಳೆಯಿತು. ಅಂದಿನಿಂದ ಅವನು ತರಗತಿಯಲ್ಲಿ ಮತ್ತೆ ಮಾತಾಡತೊಡಗಿದ. ಆದರೆ ಕಟಾವು ಮುಗಿಯುತ್ತಲೇ ಗುಡಿಸಲು ಬಿಚ್ಚಿ ಅವರು ಹೊರಟುಹೋದರು. ನಾವು ಮೊದಲ ದಿನವೇ ಕರೆಯಬಹುದಾಗಿತ್ತು. ಕಳೆದುಹೋದ ಆ ವಾರಗಳನ್ನು ಅವನಿಗೆ ಮರಳಿ ಕೊಡಲು ಈಗ ಯಾರಿಂದಲೂ ಆಗದು.

ನನ್ನ ಅವ್ವ ಯಾವ ಸಮಿತಿಯ ಸದಸ್ಯಳೂ ಅಲ್ಲ. ಕಾಯಿದೆಯ ಹೆಸರನ್ನೂ ಕೇಳಿದವಳಲ್ಲ. ಆದರೆ ಒಂದು ಪ್ರಶ್ನೆಯಿಂದ, ಒಂದು ಮುದ್ದೆಯಿಂದ ಅವಳು ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿಗೆ ಜಾಗ ಮಾಡಿಕೊಟ್ಟಳು.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು; ಬಹುಪಾಲು ಮಂದಿ ತಾಯಿತಂದೆಗಳಾಗುವವರು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ನಾವು ಮಕ್ಕಳಿಗೆ ಮಾತ್ರ ಹೇಳುತ್ತೇವೆ. ಗಿಡ ಬಗ್ಗುವುದು ಹತ್ತಿರದ ಆಸರೆಗೋಲು ಇರುವ ಕಡೆಗೆ. ಆ ಕೋಲು ನೆಟ್ಟಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ದೊಡ್ಡವರದು. ಶಾಲೆಯ ಬಾಗಿಲನ್ನು ಕಾಯಿದೆ ತೆರೆಯಬಲ್ಲದು. ಅದರೊಳಗೆ ಮಗುವಿಗೆ ಮರ್ಯಾದೆ ದೊರೆಯಬೇಕಾದರೆ ಮೊದಲು ನಮ್ಮ ಮನೆಗಳ ಹೊಸ್ತಿಲು ತಗ್ಗಬೇಕು.