ಮಲಪ್ರಭೆಯ ದಂಡೆಯ ನಾಲ್ಕು ಊರುಗಳು: ನಮ್ಮ ನಡುವೆ ದುಡಿಯುವವರ ನಾಡನ್ನು ತಿಳಿಯೋಣ

ಕರಾವಳಿಯ ನಮ್ಮ ಊರುಗಳಲ್ಲಿ ಮನೆ ಕಟ್ಟುವ, ರಸ್ತೆ ಅಗೆಯುವ, ಕಲ್ಲು ಹೊರುವ ಕೆಲಸದಲ್ಲಿ ತೊಡಗಿರುವವರಲ್ಲಿ ಅನೇಕರು ಉತ್ತರ ಕರ್ನಾಟಕದವರು. ಅವರನ್ನೆಲ್ಲ ನಾವು 'ಘಟ್ಟದವರು' ಎಂಬ ಒಂದೇ ಮಾತಿನಲ್ಲಿ ಕರೆದು ಸುಮ್ಮನಾಗುತ್ತೇವೆ. ಯಾವ ಊರು, ಎಂಥ ಭೂಮಿ, ಮನೆ ಬಿಟ್ಟು ಬಂದದ್ದೇಕೆ ಎಂದು ಕೇಳುವವರು ಕಡಿಮೆ. ಆ ನಾಡಿನ ಒಂದು ಭಾಗವಾದ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯ ಕಿರುಪರಿಚಯ ಇಲ್ಲಿದೆ.

ಭೂಮಿ ಮತ್ತು ನದಿ

ಈ ನಾಲ್ಕೂ ಬೆಳಗಾವಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಕಿತ್ತೂರು ಹಿಂದೆ ಬೈಲಹೊಂಗಲ ತಾಲ್ಲೂಕಿನಲ್ಲಿತ್ತು, ಈಗ ಸ್ವತಂತ್ರ ತಾಲ್ಲೂಕು. ಧರ್ಮಸಭೆಯ ಆಡಳಿತದಲ್ಲಿ ಇವು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರುತ್ತವೆ.

ಈ ಸೀಮೆಯನ್ನು ಒಂದಾಗಿಸುವುದು ಮಲಪ್ರಭಾ ನದಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳ ಕಡೆಯಿಂದ ಹರಿದು, ಸವದತ್ತಿಯ ಬಳಿ ಜಲಾಶಯವಾಗಿ ನಿಂತು, ಮುನವಳ್ಳಿ, ರಾಮದುರ್ಗಗಳನ್ನು ದಾಟುತ್ತದೆ. ಮುಂದೆ ಪಟ್ಟದಕಲ್ಲು, ಐಹೊಳೆಗಳ ಪಕ್ಕದಲ್ಲಿ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 304 ಕಿ.ಮೀ.

ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಕಿತ್ತೂರಿನ ಪಶ್ಚಿಮಕ್ಕೆ ಅರೆಮಲೆನಾಡು, ಅಲ್ಲಿ ಭತ್ತವೂ ಉಂಟು. ಬೈಲಹೊಂಗಲಕ್ಕೆ ಬಂದರೆ ಕಣ್ಣು ಹಾಯುವಷ್ಟು ದೂರ ಕಪ್ಪು ಎರೆಭೂಮಿ. ರಾಮದುರ್ಗದಲ್ಲಿ ನಮ್ಮ ಕರಾವಳಿಯ ಮಳೆಯ ಆರನೇ ಒಂದು ಪಾಲೂ ಬೀಳುವುದಿಲ್ಲ. ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಮಳೆಗಾಲ ಮುಗಿಯುತ್ತಿರುವಾಗ ಬಿತ್ತಿದ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಮುಂದೆ ಹೆಚ್ಚು ಮಳೆಯಿಲ್ಲದಿದ್ದರೂ ತೇವ ಮತ್ತು ಇಬ್ಬನಿಯಲ್ಲೇ ಬೆಳೆಯುತ್ತವೆ. ಮುಂಗಾರಿಯಲ್ಲಿ ಹೆಸರು, ಶೇಂಗಾ, ಹತ್ತಿ. ನೀರಾವರಿ ಇದ್ದಲ್ಲಿ ಕಬ್ಬು. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ತೆನೆಹಬ್ಬದಂದು ಹೊಸ ತೆನೆಯನ್ನು ಮನೆಗೆ ತರುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಿತ್ತೂರು ಮತ್ತು ಬೈಲಹೊಂಗಲ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ಮತ್ತು ಧಾರವಾಡಗಳ ನಡುವೆ ಕಿತ್ತೂರು ಇದೆ. ಅರಸ ಮಲ್ಲಸರ್ಜನು 1816ರಲ್ಲಿ ತೀರಿಕೊಂಡನು. 1824ರ ಸೆಪ್ಟೆಂಬರಿನಲ್ಲಿ ಅವನ ಮಗ ಶಿವಲಿಂಗರುದ್ರಸರ್ಜನೂ ಸಂತಾನವಿಲ್ಲದೆ ತೀರಿಕೊಂಡಾಗ, ದತ್ತು ಪಡೆದ ಬಾಲಕನನ್ನು ಉತ್ತರಾಧಿಕಾರಿಯೆಂದು ಒಪ್ಪಲು ಈಸ್ಟ್ ಇಂಡಿಯಾ ಕಂಪನಿ ಸಿದ್ಧವಿರಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆ ಮತ್ತು ಖಜಾನೆಯನ್ನು ವಶಪಡಿಸಿಕೊಳ್ಳಲು ಬಂದನು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದೊಡನೆ ನಡೆದ ಕಾಳಗದಲ್ಲಿ ಆತ ಮಡಿದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಂದಿಗೆ ಮರಳಿದ ಕಂಪನಿ ಕೋಟೆಯನ್ನು ಗೆದ್ದುಕೊಂಡಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿದ್ದು 1829ರಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ.

ಆಕೆಯ ಬಂಟ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಹೋರಾಟವನ್ನು ಮುಂದುವರಿಸಿದನು. ಅವನ ಹಿಂದೆ ನಿಂತವರು ಕಂದಾಯದ ಭಾರಕ್ಕೆ ಸಿಕ್ಕಿದ, ಭೂಮಿ ಕಳೆದುಕೊಂಡ ಹಳ್ಳಿಗರು. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅಲ್ಲಿ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಪ್ರತಿವರ್ಷ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. 2021ರಲ್ಲಿ ರಾಜ್ಯ ಸರಕಾರವು 'ಮುಂಬಯಿ ಕರ್ನಾಟಕ' ಭಾಗಕ್ಕೆ 'ಕಿತ್ತೂರು ಕರ್ನಾಟಕ' ಎಂದು ಹೆಸರಿಟ್ಟಿತು.

ಸವದತ್ತಿ

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಬೆಳಗಾವಿಗೆ ಹೋಗುವ ಮೊದಲು ರಟ್ಟ ಅರಸರ ರಾಜಧಾನಿ ಇಲ್ಲಿತ್ತು. ಇದೇ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಬಿಟ್ಟುಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಊರಿನ ಸಮೀಪದ ಗುಡ್ಡದ ಮೇಲೆ ಎಲ್ಲಮ್ಮನ ದೇವಸ್ಥಾನವಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಜನ ಬರುತ್ತಾರೆ. ಈಕೆಯೇ ಪರಶುರಾಮನ ತಾಯಿ ರೇಣುಕೆ ಎಂಬುದು ಭಕ್ತರ ನಂಬಿಕೆ. ನಮ್ಮ ಕರಾವಳಿಯನ್ನು 'ಪರಶುರಾಮ ಸೃಷ್ಟಿ' ಎನ್ನುತ್ತಾರಷ್ಟೆ. ಪುರಾಣದಲ್ಲೂ ಈ ಎರಡು ನಾಡುಗಳಿಗೆ ನಂಟಿದೆ. ಆದರೆ ಬಡ ಕುಟುಂಬಗಳ, ಅದರಲ್ಲೂ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿಯೂ ಈ ಭಾಗದಲ್ಲಿ ಬೇರೂರಿತ್ತು. ಕರ್ನಾಟಕದ 1982ರ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. ಈ ಪದ್ಧತಿಗೆ ಬಲಿಯಾದ ತಾಯಂದಿರ ಬದುಕನ್ನು ನೇರಗೊಳಿಸುವ ಕೆಲಸ ಮಾತ್ರ ಕಾಯಿದೆಯೊಂದರಿಂದ ಮುಗಿಯುವಂಥದ್ದಲ್ಲ.

ರಾಮದುರ್ಗ

ರಾಮದುರ್ಗ ಸ್ವಾತಂತ್ರ್ಯದವರೆಗೆ ಭಾವೆ ಮನೆತನದ ಪುಟ್ಟ ಸಂಸ್ಥಾನ. ನೆರೆಯ ನರಗುಂದದ ಅರಸ ಬಾಬಾಸಾಹೇಬ ಇದೇ ಮನೆತನದವನು. 1858ರಲ್ಲಿ ಅವನು ಬ್ರಿಟಿಷರ ವಿರುದ್ಧ ಎದ್ದಾಗ ಅವರ ಅಧಿಕಾರಿ ಮ್ಯಾನ್ಸನ್ ಹತನಾದದ್ದು ರಾಮದುರ್ಗದ ಬಳಿಯ ಸುರೇಬಾನದಲ್ಲಿ. 1939ರ ಏಪ್ರಿಲ್‌ನಲ್ಲಿ ಪ್ರಜಾಸಂಘದ ಮುಖಂಡರ ಬಂಧನದಿಂದ ಕೆರಳಿದ ಜನ ಸೆರೆಮನೆಗೆ ನುಗ್ಗಿದರು; ಸಾವುನೋವುಗಳೂ, ಬಳಿಕ ಕಠಿಣ ಶಿಕ್ಷೆಗಳೂ ಆದವು. ರಾಮದುರ್ಗ ನೇಕಾರರ ಊರು ಕೂಡ. ಮಗ್ಗದ ಸದ್ದು ನಿಂತರೆ ಅನೇಕ ಮನೆಗಳ ಒಲೆಯೂ ಆರುತ್ತದೆ.

ನೀರಿನ ಪ್ರಶ್ನೆ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಅಣೆಕಟ್ಟು ಕಟ್ಟಲಾಗಿದೆ. 1970ರ ದಶಕದ ಆರಂಭದಲ್ಲಿ ಮುಗಿದ ಈ ರೇಣುಕಾಸಾಗರದ ಸಾಮರ್ಥ್ಯ 37.73 ಟಿ.ಎಂ.ಸಿ. ಹೊಲಗಳಿಗೆ ಮಾತ್ರವಲ್ಲ, ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿಗೂ ಇದೇ ಆಧಾರ. ಆದರೆ ಕಾಲುವೆಯ ನೀರು ಸರಿಯಾಗಿ ತಲುಪುವ ಮೊದಲೇ ಅಭಿವೃದ್ಧಿ ಕರದ ನೋಟೀಸು ತಲುಪಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ರೈತರ ಪ್ರಾಣ ಹೋಯಿತು. ರಾಜ್ಯದ ರೈತ ಚಳವಳಿಗೆ ಬಲ ಬಂದದ್ದು ಅಲ್ಲಿಂದ.

ಜಲಾಶಯ ಎಷ್ಟೋ ವರ್ಷ ತುಂಬುವುದಿಲ್ಲ. ಆದ್ದರಿಂದ ಗೋವೆಯ ಕಡೆಗೆ ಹರಿಯುವ ಮಹದಾಯಿಯ ನೀರಿನಲ್ಲಿ ಒಂದು ಪಾಲನ್ನು ಕಳಸಾ, ಬಂಡೂರಿ ಹಳ್ಳಗಳಿಂದ ಇತ್ತ ತಿರುಗಿಸಬೇಕೆಂಬ ಬೇಡಿಕೆ. ನ್ಯಾಯಮಂಡಳಿಯು 2018ರ ಆಗಸ್ಟಿನಲ್ಲಿ ಇದಕ್ಕಾಗಿ 3.9 ಟಿ.ಎಂ.ಸಿ. ನೀಡಿತು. ನದಿ ಒಣಗುವುದೆಂಬ ಗೋವೆಯವರ ಆತಂಕವೂ, ಕುಡಿಯುವ ನೀರಿಗಾಗಿ ಇಲ್ಲಿಯವರ ಮೊರೆಯೂ ಎರಡೂ ನಿಜ. ತೀರ್ಪಿನ ನಂತರವೂ ವಿವಾದ ಎಳೆದುಕೊಂಡೇ ಬಂತು. ವಿಪರ್ಯಾಸವೆಂದರೆ, ಮರುವರ್ಷ, 2019ರ ಆಗಸ್ಟಿನಲ್ಲಿ, ಅದೇ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನುಗ್ಗಿತು. ನೇಕಾರರ ಮಗ್ಗಗಳು ನೀರಿನಲ್ಲಿ ನಿಂತವು.

ಕರಾವಳಿಯ ನಂಟು

ಈ ನಾಡು ನಮಗೆ ಹೊಸದಲ್ಲ. 19ನೇ ಶತಮಾನದಲ್ಲಿ ಧಾರವಾಡ, ಬೆಳಗಾವಿ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಬೆಳೆದವರ ಊರಿನ ಹೆಸರಿನಿಂದಲ್ಲ, 'ಕುಮಟಾ ಹತ್ತಿ' ಎಂಬ ಬಂದರಿನ ಹೆಸರಿನಿಂದಲೇ ಅದು ಹೊರನಾಡುಗಳಲ್ಲಿ ಮಾರಾಟವಾಯಿತು. ಹಿಂದಿರುಗುವ ಗಾಡಿಗಳಲ್ಲಿ ನಮ್ಮ ಉಪ್ಪು ಮೇಲೇರುತ್ತಿತ್ತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಆ ವ್ಯಾಪಾರ ಕುಗ್ಗಿತು.

ಆಗ ಹತ್ತಿ ಘಟ್ಟ ಇಳಿಯುತ್ತಿತ್ತು, ಈಗ ಜನ ಇಳಿಯುತ್ತಿದ್ದಾರೆ. ಹಿಂಗಾರಿ ಸುಗ್ಗಿ ಮುಗಿದ ಮೇಲೆ ಮುಂದಿನ ಮಳೆಯವರೆಗೆ ಒಣಭೂಮಿಯಲ್ಲಿ ಕೆಲಸವಿಲ್ಲ. ಮಳೆ ಕೈಕೊಟ್ಟ ವರ್ಷ ಅದಕ್ಕೂ ಮೊದಲೇ ಮನೆಗೆ ಬೀಗ ಬೀಳುತ್ತದೆ. ಮಕ್ಕಳು ಶಾಲೆಯನ್ನು ನಡುವರ್ಷದಲ್ಲಿ ಬಿಟ್ಟು ತಂದೆತಾಯಿಯರ ಹಿಂದೆ ಬರುತ್ತಾರೆ. ಅವರ ಮಾತು ನಮ್ಮ ಕಿವಿಗೆ ಒರಟೆನಿಸಬಹುದು. ಆದರೆ ಅವರಷ್ಟು ಸಲೀಸಾಗಿ ತಮಗಿಂತ ಕಿರಿಯರನ್ನೂ 'ಯಪ್ಪಾ', 'ಯವ್ವಾ' ಎಂದು ಕರೆಯುವವರು, ಮಾತುಮಾತಿಗೂ 'ರೀ' ಸೇರಿಸುವವರು ನಮ್ಮಲ್ಲಿ ಎಷ್ಟು ಮಂದಿ?

ಧರ್ಮಕೇಂದ್ರಗಳ ಸೇವಾಕಾರ್ಯಕರ್ತರಿಗೆ ಇಲ್ಲಿ ಕೆಲಸವಿದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನ ಕಾರ್ಮಿಕರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅರ್ಜಿ ತುಂಬಿಸಲು ನೆರವಾಗುವವರು ಬೇಕು. ಬಿಡಾರದ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು ವಾಳೆಯ ಗುರಿಕಾರರು ಮುಂದಾಗಬಹುದು. ಅದಕ್ಕೂ ಮೊದಲು, ಮುಂದಿನ ಸಲ ಅವರು ಎದುರಾದಾಗ ಯಾವ ಊರೆಂದು ಕೇಳೋಣ. ಸವದತ್ತಿ ಎಂದರೆ ಜಲಾಶಯ ತುಂಬಿತೇ ಎಂದೂ, ರಾಮದುರ್ಗ ಎಂದರೆ ಮಗ್ಗ ನಡೆಯುತ್ತಿದೆಯೇ ಎಂದೂ ವಿಚಾರಿಸೋಣ.